ಪಿಕ್ನಿಕ್ ಟೇಬಲಿನ ಆಚೆ

ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಹಾಲು, ಮೊಸರು, ಕೊತ್ತಂಬರಿ ಎಂದು ಬರೆದ ಗ್ರೋಸರಿ ಚೀಟಿಯ ಪಕ್ಕದಲ್ಲೇ ನನ್ನ ಆಸೆಗಳ ಪಟ್ಟಿಯೂ ಇದೆ. ಮನೆಗೆ ಬಂದವರೆಲ್ಲ ಓದಲಿ ಎಂದೇ ಅಂಟಿಸಿದ್ದೇನೆ. ಓದಿ ನಗುವವರು ನಗಲಿ. ಅರವತ್ತು ದಾಟಿದ, ಒಂದು ಮಂಡಿಗೆ ಆಪರೇಷನ್ ಆದ ಹೆಂಗಸು ಸ್ಟೇಟ್ ಪಾರ್ಕುಗಳೆಂಬ ಇಲ್ಲಿನ ಕಾಡು-ಗುಡ್ಡಗಳಲ್ಲಿ ತಾನು ಏನೇನು ಮಾಡಬೇಕೆಂದು ಬರೆದಿಟ್ಟುಕೊಂಡರೆ ಯಾರಪ್ಪನ ಗಂಟು ಹೋಗುತ್ತದೆ?

ಬೆಂಕಿಗೆ ಸಿಕ್ಕು ಕರಕಲಾಗಿ ಮತ್ತೆ ಮೈತುಂಬ ಚಿಗುರಿಕೊಂಡ ಬಿಗ್ ಬೇಸಿನ್ನಿನ ರೆಡ್‌ವುಡ್ ಮರಗಳ ನಡುವೆ ಒಂದಿಡೀ ದಿನ ಅಡ್ಡಾಡಬೇಕು. ಆನ್ಯೋ ನುಯೆವೋ ಕಡಲತೀರದ ಮರಳಿನ ಮೇಲೆ ಆನೆ ಸೀಲು ಎಂಬ ದೈತ್ಯ ಕಡಲಪ್ರಾಣಿಗಳು ಎಮ್ಮೆಗಳ ಹಾಗೆ ಬಿದ್ದುಕೊಂಡು ಒಂದರ ಮೇಲೊಂದು ಗುಟುರು ಹಾಕುವುದನ್ನು ಕಣ್ಣಾರೆ ಕಾಣಬೇಕು. ಮೌಂಟ್ ಡಿಯಾಬ್ಲೊ ತುದಿಗೆ ನಡೆದು ಹತ್ತಬೇಕು. ಕಾರಿನಲ್ಲಿ ಹೋಗಿ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವುದು ಲೆಕ್ಕಕ್ಕಿಲ್ಲ. ಟೆಂಟಿನಲ್ಲಿ ಒಬ್ಬಳೇ ಒಂದು ರಾತ್ರಿ ಮಲಗಬೇಕು. ಇವೆಲ್ಲಕ್ಕೂ ಮೊದಲು, ಪಟ್ಟಿಯ ತಲೆಯ ಮೇಲೆ, ದಪ್ಪ ಅಕ್ಷರದಲ್ಲಿ: ಸರಟೋಗಾ ಊರಿನ ಮೇಲಿನ ಗುಡ್ಡದ ಪಾರ್ಕಿನಲ್ಲಿರುವ ಜಲಪಾತವನ್ನು ನೋಡಬೇಕು.

ನನ್ನ ಗಂಡ ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು. “ಟೆಂಟಿನ್ಯಾಗ ಮಲಗಾಕಿ? ಮೆತ್ತನ್ ಹಾಸಿಗಿ ಮ್ಯಾಲೆ ಮಲಗಿದ್ರನ ‘ಸೊಂಟ, ಸೊಂಟ’ ಅಂತ ಒದರ್ತಿ” ಎಂದರು. ಮಗಳು ನನ್ನ ಹೆಗಲ ಮೇಲೆ ಕೈಯಿಟ್ಟು, “ಅಮ್ಮಾ, ಯು ವಿಲ್ ಫಾಲ್. ನಾವು ಡ್ರೈವ್ ಮಾಡ್ಕೊಂಡು ಹೋಗಿ ನೋಡೋಣ, ಓಕೆ?” ಎಂದಳು. ಪ್ರೀತಿಯಿಂದಲೇ ಹೇಳಿದಳು, ಇಲ್ಲ ಅನ್ನುವುದಿಲ್ಲ. ಆದರೂ ನನಗೆ ಮೈ ಉರಿಯಿತು.

ಯಾಕೆ ಉರಿಯಿತು ಎಂಬುದಕ್ಕೆ ನಮ್ಮ ಯುಗಾದಿ ಪಿಕ್ನಿಕ್ಕಿನ ಕಥೆ ಹೇಳಬೇಕು. ಸ್ಯಾನ್ ಹೊಸೆಯ ಆಸುಪಾಸಿನ ಕನ್ನಡದ ಕೆಲವು ಕುಟುಂಬಗಳು ಸೇರಿ, ಹಬ್ಬ ಕಳೆದ ಮೇಲೆ ಬರುವ ಶನಿವಾರ ಆ ಗುಡ್ಡದ ಪಾರ್ಕಿಗೆ ಹೋಗುವುದು ಎಷ್ಟೋ ವರ್ಷದ ಪದ್ಧತಿ. ಸರಟೋಗಾ ದಾಟಿದ ಮೇಲಿನ ತಿರುವುಗಳಲ್ಲಿ ಒಂದೆರಡು ಮಕ್ಕಳು ವಾಂತಿ ಮಾಡಿಕೊಳ್ಳುವುದೂ ಪದ್ಧತಿಯೇ. ಮೇಲೆ ಹೋದ ಕೂಡಲೇ ಒಳ್ಳೆಯ ಪಿಕ್ನಿಕ್ ಟೇಬಲು ಹಿಡಿಯಬೇಕು. ಹಿಡಿದ ಮೇಲೆ ಬಿಟ್ಟು ಕದಲುವಂತಿಲ್ಲ, ಕದಲಿದರೆ ಇನ್ನೊಂದು ಗುಂಪಿನವರು ಬಂದು ಕೂರುತ್ತಾರೆ. ಅನ್ನದ ಟ್ರೇಗಳನ್ನಂತೂ ಬಿಡುವ ಹಾಗೇ ಇಲ್ಲ. ಅಲ್ಲಿನ ಕಾಡಿನ ನೀಲಿ ಹಕ್ಕಿಗಳು ಫಾಯಿಲ್ ಹರಿದು ಹೋಳಿಗೆ ಎತ್ತಿಕೊಂಡು ಹೋಗುತ್ತವೆ. ಕಾಡಿನ ಪ್ರಾಣಿಗಳಿಗೆ ನಮ್ಮ ತಿಂಡಿ ಸಿಗಬಾರದು, ಊಟ ಬಿಟ್ಟು ಹೋಗಬೇಡಿ ಎಂದು ಪಾರ್ಕಿನವರೇ ಬೋರ್ಡು ಹಾಕಿದ್ದಾರೆ.

ಅಂದಮೇಲೆ ಒಬ್ಬರು ಕಾವಲು ಕೂರಬೇಕು. ಆ ಒಬ್ಬರು ಯಾರು? ಅಡುಗೆ ಯಾರದೋ ಅವರೇ! ಅಡುಗೆ ನನ್ನದು. ರೊಟ್ಟಿ, ಎಣ್ಣೆಗಾಯಿ, ಮಾವಿನಕಾಯಿ ಚಿತ್ರಾನ್ನ, ಮೊಸರನ್ನ, ಹೋಳಿಗೆ. ಮೊದಮೊದಲು ಜೊತೆಗೆ ಕೂರಲು ನನ್ನ ವಯಸ್ಸಿನ ಇನ್ನಿಬ್ಬರು ಇರುತ್ತಿದ್ದರು. ಅವರು ಬೇರೆ ಊರಿಗೆ ಹೋದರು. ಈಗಿನ ಹುಡುಗಿಯರು ಬುದ್ಧಿವಂತರು, ಬೂಟು ಬಿಗಿದು ಗಂಡಂದಿರಿಗಿಂತ ಮುಂದೆ ಓಡುತ್ತಾರೆ. ಸಂತೋಷ, ಓಡಲಿ. ಉಳಿದವಳು ನಾನೊಬ್ಬಳೇ. ಎಲ್ಲರೂ ಜಲಪಾತ ನೋಡಿ, ಬಂಡೆ ಹತ್ತಿ, ಕೆನ್ನೆ ಕೆಂಪಗೆ ಮಾಡಿಕೊಂಡು ಬಂದು “ಆಂಟೀ, ಹಸಿವೂ!” ಎಂದು ತಟ್ಟೆ ಹಿಡಿಯುತ್ತಿದ್ದರು. ನಾನು ಬಡಿಸುತ್ತ ಬಡಿಸುತ್ತ ಅವರ ಫೋನುಗಳಲ್ಲಿ ಜಲಪಾತ ನೋಡುತ್ತಿದ್ದೆ. “ನಾನೂ ಒಮ್ಮೆ ಬರ್ತೀನಿ” ಎಂದಾಗಲೆಲ್ಲ ನಮ್ಮವರದು ಒಂದೇ ಮಾತು: “ಭಾಳ ದೂರ ಐತಿ. ದಾರಿ ಕಡಿದೈತಿ. ನಿನಗ ಆಗೂದಿಲ್ಲ.” ನಾನು ನಂಬಿದ್ದೆ.

ಪಟ್ಟಿ ಅಂಟಿಸಿದ ಮೇಲೆ ಈ ವರ್ಷ ಪಿಕ್ನಿಕ್ಕಿಗೆ ಹೋದಾಗ ನಮ್ಮ ಗುಂಪಿನ ಉಸ್ತುವಾರಿ ಹೊತ್ತ ಹುಡುಗ ಕಾರಿನ ಡಿಕ್ಕಿಯಿಂದ ಒಂದು ಮಡಿಸುವ ಕುರ್ಚಿ ಇಳಿಸಿದ. ಕೈಯಿಡುವ ಕಡೆ ಲೋಟ ಇಡಲು ಗುಳಿ ಬೇರೆ. “ಆಂಟಿ, ಇದು ನಿಮಗೇ ಅಂತ ತಗೊಂಡೆ. ಇನ್ಮೇಲೆ ಪ್ರತಿ ವರ್ಷ ಆರಾಮಾಗಿ ಕೂತ್ಕೊಬಹುದು” ಎಂದ. ಪಾಪ, ಒಳ್ಳೆಯ ಹುಡುಗ. ಆದರೆ ‘ಪ್ರತಿ ವರ್ಷ’ ಎಂಬ ಮಾತು ಕಿವಿಯಲ್ಲೇ ಉಳಿಯಿತು. ಅಂದರೆ ಇಷ್ಟೇ? ಗಟ್ಟಿಯಿರುವವರೆಗೂ ಈ ಕುರ್ಚಿ, ಆಮೇಲೆ ಮನೆಯ ಕುರ್ಚಿ?

“ನಾನೂ ಬರ್ತೀನಪ್ಪ ಇವತ್ತು” ಎಂದೆ.

“ಅಯ್ಯೋ ಬೇಡಿ ಆಂಟಿ, ಮಳೆ ಬಂದು ಟ್ರೇಲು ಸ್ಲಿಪರಿ ಇದೆ. ನೆಕ್ಸ್ಟ್ ಟೈಮ್ ಪಕ್ಕಾ” ಎಂದ.

ನಮ್ಮವರು ಟೋಪಿ ಹಾಕಿಕೊಳ್ಳುತ್ತ, “ಸುಮ್ನ ಕುಂದ್ರು. ಪಿಕ್ನಿಕ್ ದಿನ ಕಾಲು ಮುರ್ಕೊಂಡು ಎಲ್ಲಾರಿಗೂ ತ್ರಾಸ ಕೊಡಬ್ಯಾಡ” ಎಂದು ಎಲ್ಲರ ಎದುರು ಹೇಳಿ ಕೋಲು ಊರುತ್ತ ಹೊರಟೇಬಿಟ್ಟರು.

ಅವರ ಮಾತುಗಳು ಮರಗಳ ಆಚೆ ಕೇಳಿಸದಾಗುವವರೆಗೂ ನಾನು ಕೂತಿದ್ದೆ. ಆಮೇಲೆ ಎದ್ದೆ. ಬಿಚ್ಚಿದ ಟ್ರೇಗಳನ್ನು ಮತ್ತೆ ಮುಚ್ಚಿದೆ. ಒಂದೊಂದಾಗಿ ನಮ್ಮ ಕಾರಿನೊಳಗೆ ಸಾಗಿಸಿದೆ. ಬೇವು ಬೆಲ್ಲದ ಬಟ್ಟಲನ್ನೂ ಬಿಡಲಿಲ್ಲ. ಕಾರು ಲಾಕು ಮಾಡಿ, ಊಟ ಇಳಿಸಲೆಂದು ನನ್ನ ಬಳಿ ಇದ್ದ ಕೀಯನ್ನು ಸೀರೆಯ ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿಕೊಂಡೆ. ಹಬ್ಬದ ಇಳಕಲ್ ಸೀರೆ, ಕಾಲಿಗೆ ಮಂಡಿ ಡಾಕ್ಟರು ಹೇಳಿ ಕೊಡಿಸಿದ ಬೂಟು. ಆ ಹೊಸ ಕುರ್ಚಿ ಅಲ್ಲೇ ಇರಲಿ, ನೀಲಿ ಹಕ್ಕಿಗಳು ಬೇಕಾದರೆ ಕೂತುಕೊಳ್ಳಲಿ ಎಂದು ನಡೆದೆ.

ದಾರಿ ಒದ್ದೆಯಿತ್ತು, ನಿಜ. ನಿಧಾನಕ್ಕೆ ಇಳಿದೆ. ಎರಡೂ ಕಡೆ ಮರ, ಕೆಂಪು ತೊಗಟೆ ಸುಲಿದುಕೊಂಡು ನಿಂತವು ಕೆಲವು, ಎಲೆ ಹಿಸುಕಿದರೆ ಘಾಟು ಬರುವಂಥವು ಕೆಲವು. ಕೆಳಗೆಲ್ಲೋ ನೀರು ಹರಿಯುವ ಸದ್ದು. ಕಡಿದಾದ ಇಳಿಜಾರು ಈಗ ಬರುತ್ತದೆ, ಇನ್ನೊಂದು ತಿರುವಿಗೆ ಬರುತ್ತದೆ ಎಂದು ಪ್ರತಿ ಹೆಜ್ಜೆಗೂ ಗಟ್ಟಿ ಮನಸ್ಸು ಮಾಡಿಕೊಳ್ಳುತ್ತಿದ್ದೆ. ಒಂದು ಪುಟ್ಟ ಮರದ ಸೇತುವೆ ದಾಟಿದೆ. ಬೇರುಗಳಿದ್ದ ಕಡೆ ಕೊಂಬೆ ಹಿಡಿದುಕೊಂಡೆ. ಅಷ್ಟರಲ್ಲಿ ಮರದ ಕಟಾಂಜನ ಹಾಕಿದ ಒಂದು ಕಟ್ಟೆ ಎದುರಾಯಿತು. ಮೂವರು ನಿಂತು ಫೋಟೊ ತೆಗೆಯುತ್ತಿದ್ದರು. ನಾನು ಹೋಗಿ ಬಗ್ಗಿ ನೋಡಿದೆ.

ಜಲಪಾತ! ಬಂದೇಬಿಟ್ಟಿದ್ದೆ.

ನೀರು ಬಂಡೆಯ ಅಂಚಿನಿಂದ ಜಾರಿ ಕೆಳಗಿನ ಹಸಿರಿನೊಳಗೆ ಬೀಳುತ್ತಿತ್ತು. ಫೋನಿನಲ್ಲಿ ಕಂಡದ್ದಕ್ಕಿಂತ ಸಣ್ಣದು. ಚೆಂದವಿತ್ತು, ಬಹಳ ಚೆಂದ. ಆದರೆ ನನಗೆ ಮೊದಲು ಬಂದದ್ದು ಸಂತೋಷವಲ್ಲ, ಸಿಟ್ಟು. ಇಷ್ಟು ಹತ್ತಿರ! ಇಲ್ಲಿಗೆ ಬರಲು ಪಟ್ಟ ಕಷ್ಟಕ್ಕಿಂತ ಹೆಚ್ಚು ಕಷ್ಟ ನನಗೆ ಶನಿವಾರದ ಗ್ರೋಸರಿ ಶಾಪಿಂಗಿನಲ್ಲಿ ಅಕ್ಕಿ ಮೂಟೆ ಎತ್ತುವಾಗ ಆಗುತ್ತದೆ. ಇಷ್ಟು ವರ್ಷ ಇದರ ಬಗಲಲ್ಲೇ ಕೂತು ಹೋಳಿಗೆ ಕಾದೆನಲ್ಲ! ಮಂಡಿಗೆ ಏನೂ ಆಗಿರದ ಕಾಲದಲ್ಲೂ ಅಲ್ಲೇ ಕೂತಿದ್ದೆನಲ್ಲ! ಕಟಾಂಜನ ಹಿಡಿದು ನಿಂತು ಅತ್ತೆ. ಪಕ್ಕದವರು ನೀರು ನೋಡಿ ಅಳುತ್ತಿದ್ದಾಳೆ ಎಂದುಕೊಂಡಿರಬೇಕು, ಟಿಶ್ಯೂ ಕೊಟ್ಟರು. ಸೆರಗಿದೆ, ಬೇಡ ಎಂದು ಕೈಯಾಡಿಸಿದೆ.

ಅತ್ತು ಮುಗಿದ ಮೇಲೆ ಬೇಕಾದಷ್ಟು ಹೊತ್ತು ಕೂತೆ. ಯಾರಿಗೂ ಬಡಿಸಬೇಕಿರಲಿಲ್ಲ.

ಮೇಲೆ ಹತ್ತುವಾಗ ಮಂಡಿ ಬೊಬ್ಬೆ ಹಾಕಿತು. ಅಲ್ಲಲ್ಲಿ ಕೂತು, ನೀವಿಕೊಂಡು, ಮತ್ತೆ ಎದ್ದು ಬಂದೆ. ಬಂದು ನೋಡುತ್ತೇನೆ, ನಮ್ಮ ಟೇಬಲಿನಲ್ಲಿ ಬೇರೆ ಯಾರದೋ ಮಗುವಿನ ಬರ್ತ್‌ಡೇ ಪಾರ್ಟಿ! ನಮ್ಮ ಗುಂಪಿನವರೆಲ್ಲ ಬೇರೆ ದಾರಿಯಿಂದ ಸುತ್ತು ಹಾಕಿ ಬಂದು, ಹೊಟ್ಟೆ ತಾಳ ಹಾಕುತ್ತಾ ಕಾರಿನ ಸುತ್ತ ನಿಂತಿದ್ದರು. ಗಾಜಿನಾಚೆ ಟ್ರೇಗಳು ಕಾಣಿಸುತ್ತಿವೆ, ಕೈಗೆ ಸಿಗುತ್ತಿಲ್ಲ. ಇನ್ನೊಂದು ಕೀ ಮನೆಯ ಡ್ರಾವರಿನಲ್ಲಿ.

“ತಲಿಗಿಲಿ ಕೆಟ್ಟೈತೇನ್ ನಿನಗ? ಫೋನರ ಎತ್ತಬಾರದ? ಎಲ್ಲಿ ಹಾಳಾಗಿ ಹೋಗಿದ್ದಿ?” ನಮ್ಮವರು ಕೆಂಡವಾಗಿದ್ದರು.

“ಜಲಪಾತಕ್ಕ.”

ಕುರ್ಚಿಯ ಹುಡುಗ ನೆಲ ನೋಡಿದ. ನಾನು ನಮ್ಮವರ ಹತ್ತಿರ ಹೋಗಿ ನಿಂತು ಕೇಳಿದೆ: “ಖರೇ ಹೇಳ್ರಿ. ಅಷ್ಟು ಸನೇಕ ಐತಿ ಅಂತ ನಿಮಗ ಗೊತ್ತಿತ್ತೋ ಇಲ್ಲೋ?”

ಅವರು ಟೋಪಿ ತೆಗೆದರು. ಸುಳ್ಳು ಹೇಳಿ ಜಾರಿಕೊಳ್ಳಬಹುದಿತ್ತು, ಹೇಳಲಿಲ್ಲ. “ಗೊತ್ತಿತ್ತು” ಎಂದರು. “ನೀನೂ ಬಂದ್ರ ಊಟ ಯಾರು ನೋಡ್ಕೋಬೇಕಿತ್ತು?”

ನಾನು ಸೊಂಟದಿಂದ ಕೀ ತೆಗೆದು ಅವರ ಅಂಗೈಯಲ್ಲಿಟ್ಟೆ. “ಇವತ್ತು ನೀವು ನೋಡ್ಕೋರಿ” ಎಂದು ಟೇಬಲು ಹೋಯಿತೆಂದು ಹುಡುಗಿಯರು ಮರದ ಕೆಳಗೆ ಹಾಸಿದ್ದ ಜಮಖಾನೆಯ ಮೇಲೆ ಕಾಲು ಚಾಚಿ ಕೂತೆ. ಅವರು ಕಾರು ತೆರೆದು ಟ್ರೇ ಇಳಿಸಿದರು. ಯಾವುದರಲ್ಲಿ ಏನಿದೆ ಎಂದು ಗೊತ್ತಾಗದೆ ಎಲ್ಲದರ ಮುಚ್ಚಳ ಎತ್ತಿ ನೋಡಿ, ಕೊನೆಗೆ ಒಂದು ತಟ್ಟೆ ಮಾಡಿ ತಂದು ಮೊದಲು ನನ್ನ ಕೈಗೇ ಕೊಟ್ಟರು.

“ಇವತ್ತು ಸಂಜಿಗೆ ಟೆಂಟಿನ ಜಾಗಾ ಬುಕ್ ಮಾಡ್ತೀನಿ” ಎಂದೆ.

“ಇಬ್ಬರಿಗೇನು?” ದನಿ ಬಹಳ ಮೆತ್ತಗಾಗಿತ್ತು.

“ಒಬ್ಬಾಕಿಗೆ. ನೀವೂ ಬಂದ್ರ ಮನ್ಯಾಗ ಊಟ ಯಾರು ನೋಡ್ಕೋಬೇಕ್ರೀ?”

ಸೌಟು ಹಿಡಿದುಕೊಂಡು ಅವರು ನನ್ನ ಮುಖವನ್ನೇ ನೋಡಿದರು. ನಾನು ಕಣ್ಣು ತಪ್ಪಿಸಲಿಲ್ಲ. ಹೋಳಿಗೆಗೆ ತುಪ್ಪ ಹಾಕಿಲ್ಲ, ತಂದು ಹಾಕ್ರಿ ಎಂದೆ.