ಕಾಕೂ ಮನೆಯ ಮಾರ್ಬಲ್ ನೆಲ

ನಮ್ಮ ತಂಡಕ್ಕೆ ಹೊಸದಾಗಿ ಸೇರುವ ಹೆಂಗಸರ ಕೈಗೆ ನಾನು ಮೊದಲ ದಿನ ಪೊರಕೆ ಕೊಡುವುದಿಲ್ಲ. ಅಂಗೈಯಗಲದ ಮಾರ್ಬಲ್ ತುಂಡೊಂದನ್ನು ಮುಂದಿಟ್ಟು, ಅದರ ಮೇಲೆ ಒಂದು ಹನಿ ಆ್ಯಸಿಡ್ ಬಿಡುತ್ತೇನೆ. ಕಲ್ಲು ಬುಸುಗುಟ್ಟಿ ನೊರೆ ಬರುತ್ತದೆ. ಒರೆಸಿ ನೋಡಿದರೆ ಅಷ್ಟಗಲ ಹೊಳಪು ಸತ್ತಿರುತ್ತದೆ. "ಇದನ್ನ ನೆನಪಿಟ್ಕೊಳ್ರಿ" ಅನ್ನುತ್ತೇನೆ. ನನ್ನ ಕಾಲೇಜು ಇಷ್ಟೇ.

ಪುಣೆಯ ಹಿಂಜವಾಡಿಯ ಹೊಸ ಫ್ಲ್ಯಾಟುಗಳನ್ನು, ಮಾಲೀಕರು ವಾಸಕ್ಕೆ ಬರುವ ಮುಂಚೆ ತಿಕ್ಕಿ ತೊಳೆದು ಕೊಡುವುದು ನಮ್ಮ ಉದ್ಯೋಗ. ಗಾಜಿಗೆ ಸಿಡಿದ ಬಣ್ಣ, ಟೈಲ್ಸಿಗೆ ಅಂಟಿದ ಸಿಮೆಂಟು, ಕಪಾಟಿನೊಳಗಿನ ಮರದ ಹೊಟ್ಟು, ಎಲ್ಲ ನಮ್ಮ ಪಾಲಿಗೆ. ಹದಿನಾಲ್ಕು ಜನ ಇದ್ದೇವೆ, ಎಲ್ಲರೂ ಯಾದಗಿರಿ ಕಡೆಯಿಂದ ಇಟ್ಟಿಗೆ ಹೊರಲು ಬಂದವರೇ. ತಂಡ ನನ್ನದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹೆಮ್ಮೆ ಇದ್ದದ್ದನ್ನು ಇಲ್ಲ ಅನ್ನಲಿ ಯಾಕೆ?

ಈ ಕೆಲಸ ಶುರು ಮಾಡುತ್ತೇನೆ ಅಂದಾಗ ಮೊದಲು ನಕ್ಕವನು ನನ್ನ ಸೋದರಮಾವ. ಅವನೂ ನಮ್ಮ ಪಕ್ಕದ ತಗಡಿನ ಶೆಡ್ಡಿನಲ್ಲೇ ಇದ್ದ. "ಧಂದೆ ಮಾಡೂದು ಹುಟ್ಟಾ ಬರಬೇಕವ್ವಾ. ನಮ್ದು ಬುಟ್ಟಿ ಹೊರೋ ರಕ್ತ. ಹುಟ್ಟುಗುಣ ಸುಟ್ರೂ ಹೋಗಂಗಿಲ್ಲ" ಅಂದ. ನನಗೆ ಮೈಯೆಲ್ಲ ಉರಿಯಿತು. ಬುಟ್ಟಿ ಹೊತ್ತರೂ ನಾನು ಕಣ್ಣು ಬಿಟ್ಟುಕೊಂಡೇ ಹೊತ್ತವಳು. ಮನೆ ಕಟ್ಟಿದ ಕೈಗೆ ಗೊತ್ತಿಲ್ಲದ ಕಲೆ ಯಾವುದಿದೆ ಎಂದು ಸೊಕ್ಕಿನಿಂದ ಹೇಳಿ ಬಂದೆ.

ಗೊತ್ತಿಲ್ಲದ್ದು ಮೊದಲ ಮನೆಯಲ್ಲೇ ಎದುರಾಯಿತು. ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು, ಮರಾಠಿಯವರು, ಎಲ್ಲರೂ ಅವರನ್ನು ಕಾಕೂ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ಹತ್ತು ದಿನಕ್ಕೆ ಅವರ ಹೊಸ ಮನೆಯ ವಾಸ್ತುಶಾಂತಿ. ಕೀಲಿಯನ್ನು ನಮ್ಮ ಕೈಗೆ ಕೊಟ್ಟು ಹೋಗಿದ್ದರು. ನಾನು ಮತ್ತು ಅವ್ವ ಇಡೀ ದಿನ ತಿಕ್ಕಿದೆವು. ಹಾಲ್‌ನ ನೆಲದ ಮೇಲೆ ಸಿಮೆಂಟಿನ ಚಿಕ್ಕೆಗಳಿದ್ದವು. ಸೈಟಿನಲ್ಲಿ ಟೈಲ್ಸಿಗೆ ಆ್ಯಸಿಡ್ ಹಾಕುವುದನ್ನು ನೋಡಿದ್ದೆ, ಇಲ್ಲೂ ಸುರಿದೆ. ಅದು ಟೈಲ್ಸ್ ಅಲ್ಲ, ಮಾರ್ಬಲ್. ನೆಲ ಒಣಗಿದ ಮೇಲೆ ನೋಡಿದರೆ ಕಿಟಕಿಯಿಂದ ಬಾಗಿಲವರೆಗೆ ಬೂದಿ ಬಳಿದ ಹಾಗೆ ಕಾಣುತ್ತಿತ್ತು.

ಶೆಡ್ಡಿನವರಿಗೆಲ್ಲ ಸುದ್ದಿ ಹಬ್ಬಿತು. "ಕೀಲಿ ವಾಚ್‌ಮನ್ ಕೈಯಾಗ ಕೊಟ್ಟು ಫೋನ್ ಬಂದ್ ಮಾಡ್ರಿ. ಬ್ಯಾರೆ ಸೈಟಿಗೆ ಹೋದ್ರ ಪುಣೆದಾಗ ಯಾರು ಹುಡುಕ್ತಾರ" ಎಂದು ಮಾವ ಹೇಳಿದ. ಅದು ಸುಳ್ಳೂ ಅಲ್ಲ. ನಮ್ಮಂಥವರಿಗೆ ವಿಳಾಸ ಎಲ್ಲಿರುತ್ತದೆ? ಆದರೆ ಓಡಿಹೋದರೆ ಈ ಉದ್ಯೋಗ ಅಲ್ಲಿಗೇ ಮುಗಿಯಿತು, ಮತ್ತೆ ಬುಟ್ಟಿಯೇ ಗತಿ. ಮರುದಿನ ಬೆಳಗ್ಗೆ ಎದ್ದಾಗ ನನಗೆ ಏನೂ ತೋಚಲಿಲ್ಲ. ಅವ್ವ ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಕಾಕೂ ಹತ್ತಿರ ಹೋಗಲು ಅವಳು ಗಟ್ಟಿ ಮನಸ್ಸು ಮಾಡಿದಳು ಅಂದುಕೊಂಡೆ. ನನಗೂ ಧೈರ್ಯ ಬಂತು. ಚಪ್ಪಲಿ ಮೆಟ್ಟಿ ಹೊರಗೆ ನಿಂತೆ.

ನಾವು ಹೋಗಿ ಕರೆದ ಮೇಲೆ ಕಾಕೂ ಬಂದು ಆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಅಂಗೈಯಾಡಿಸಿದರು. ಏನು ಹಾಕಿದಿರಿ ಎಂದು ಮರಾಠಿಯಲ್ಲಿ ಕೇಳಿದರು. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರ ಕಣ್ಣಲ್ಲಿ ನೀರು ನೋಡಿ ನನಗೆ ನಾಚಿಕೆಯಾಯಿತು. ಅವ್ವ ಕೀಲಿ ಮುಂದೆ ಚಾಚಿದಳು. ಕಾಕೂ ಅದನ್ನು ಅವಳ ಕೈಗೇ ಹಿಂದಕ್ಕೆ ತಳ್ಳಿದರು. "ಎಂಟು ದಿನ ಇದೆ. ಕೀಲಿ ನಿಮ್ಮ ಹತ್ತಿರವೇ ಇರಲಿ" ಅಂದರು.

ಅದೇ ಕಟ್ಟಡದಲ್ಲಿ ರಾಜಸ್ಥಾನದ ಪಾಲಿಶ್ ಮಿಸ್ತ್ರಿಯೊಬ್ಬ ಕೆಲಸ ಮಾಡುತ್ತಿದ್ದ. ಈ ನೆಲ ಸರಿಮಾಡಿಕೊಡು, ನಿನ್ನ ಮುಂದಿನ ಎರಡು ಮನೆಗಳಲ್ಲಿ ನಾವಿಬ್ಬರೂ ಕೂಲಿಯಿಲ್ಲದೆ ದುಡಿಯುತ್ತೇವೆ ಅಂದೆ. ಅವನು ಯಂತ್ರ ಓಡಿಸಿದ. ನಾವು ನೀರು ಬಿಟ್ಟೆವು, ಕೆಸರು ಬಳಿದೆವು. ಯಾವ ಕಲ್ಲಿಗೆ ಏನು ಆಗುತ್ತದೆ, ಏನು ಆಗದು ಎಂದು ತಲೆ ತಿಂದು ತಿಂದು ಕೇಳಿ ಕಲಿತೆ. ಎಂಟನೆಯ ದಿನ ಆ ನೆಲದ ಮೇಲೆ ನಮ್ಮ ಮುಖ ಕಂಡಿತು. ಕಾಕೂ ನಮ್ಮಿಬ್ಬರನ್ನೂ ಅಲ್ಲೇ ಪಂಕ್ತಿಯಲ್ಲಿ ಕೂಡಿಸಿ ಪೂರಣಪೋಳಿ ಬಡಿಸಿದರು. ಎರಡನೆಯ ಮನೆ, ಮೂರನೆಯ ಮನೆ, ಎಲ್ಲ ಅವರ ಬಾಯಿಮಾತಿನಿಂದಲೇ ಬಂದವು.

ಹೋದ ತಿಂಗಳು ತಂಡಕ್ಕೆ ಬಂದವಳು ಯಾರು ಗೊತ್ತೆ? ಅದೇ ಮಾವನ ಸೊಸೆ. ಮಾರ್ಬಲ್ ತುಂಡು ನೊರೆಯೇಳುವುದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. "ಅಕ್ಕಾ, ಇದು ಹುಟ್ಟಾ ಬರಬೇಕಂತ ನಮ್ಮ ಮಾವಾರು ಅಂತಾರ. ನನಗ ಬರ್ತದೇನ್ರಿ?"

ನಾನು ಕಾಕೂ ಮನೆಯ ಕತೆಯನ್ನೆಲ್ಲ ಹೇಳಿದೆ. "ಕೆಲಸ ಕಲೀಬಹುದು. ಆದ್ರ ಆವತ್ತು ಎದುರಿಗೆ ಹೋಗಿ ನಿಂತ ಧೈರ್ಯ ಕಲ್ತದ್ದಲ್ಲ, ಅದು ಅವ್ವನ ರಕ್ತದಿಂದ ಬಂದದ್ದು" ಅಂದೆ.

ಮೂಲೆಯಲ್ಲಿ ಒರೆಸುವ ಬಟ್ಟೆ ಮಡಚುತ್ತಿದ್ದ ಅವ್ವ ತಲೆ ಎತ್ತಿದಳು. "ಸುಳ್ಳ ಹೇಳಬ್ಯಾಡ. ಆವತ್ತು ನಾ ಊರಿಗೆ ಹೋಗಾಕ ಗಂಟು ಕಟ್ಟಿ ಇಟ್ಟಿದ್ದೆ. ಅದನ್ನ ಹೊರಾಕಂತ ಸೆರಗ ಸಿಕ್ಕಿಸಿದ್ದೆ. ನೀ ಚಪ್ಪಲಿ ಮೆಟ್ಟಿ ನಿಂತಿದ್ದಿ. ಮಗಳು ಒಬ್ಬಾಕಿನ ಬೈಸ್ಕೋತಾಳಲ್ಲ ಅಂತ ಹಿಂದ ಬಂದೆ."

 ಇಷ್ಟು ವರ್ಷ ಅವ್ವನದು ಎಂದು ನಾನು ಮೆರೆಸಿದ ಧೈರ್ಯ ಆವತ್ತು ನಮ್ಮಿಬ್ಬರಲ್ಲಿ ಯಾರ ಹತ್ತಿರವೂ ಇರಲಿಲ್ಲ. ಅವಳನ್ನು ನೋಡಿ ನಾನು ಹೊರಟೆ, ನನ್ನನ್ನು ನೋಡಿ ಅವಳು ಬಂದಳು. ಹೆದರಿಕೊಂಡೇ ಬಂದಳು. ಅವ್ವನ ಬಗ್ಗೆ ನನಗೆ ಅಂದಿಗಿಂತ ಇಂದು ಹೆಚ್ಚು ಹೆಮ್ಮೆ.

ಮಾವನ ಸೊಸೆ ನಮ್ಮಿಬ್ಬರ ಮುಖವನ್ನೂ ನೋಡಿದಳು.

"ಇಷ್ಟು ಅಂಜಿದವರಿಗೆ ಬಂದದಂದ್ರ ನನಗೂ ಬರ್ತದ ಬಿಡ್ರಿ" ಅಂದಳು.

ಅವ್ವ ತನ್ನ ಕೈಗವಸು ಬಿಚ್ಚಿ ಅವಳಿಗೆ ಕೊಟ್ಟಳು.