ಎರಡನೇ ದನಿ ಹುಡುಕಿಕೊಂಡು ಮಡಕಶಿರಕ್ಕೆ

ರಾಯದುರ್ಗದ ಬಸ್ ಸ್ಟ್ಯಾಂಡಿನಿಂದ ಕಲ್ಯಾಣದುರ್ಗದ ಮೊದಲ ಬಸ್ಸು ಬೆಳಿಗ್ಗೆ ಐದೂಮುಕ್ಕಾಲಿಗೆ ಹೊರಟಿತು. ನನ್ನ ಕೈಚೀಲದಲ್ಲಿ ಒಂದು ಫ್ಲಾಸ್ಕ್ ಕಾಫಿ, ಬಿಪಿ ಮಾತ್ರೆ ಮತ್ತು ಟವೆಲಿನಲ್ಲಿ ಸುತ್ತಿದ ಒಂದು ಸಿಡಿ ಇದ್ದವು. ಪಕ್ಕದ ಸೀಟಿನಲ್ಲಿ ರೇಡಿಯೊ ಬಸಣ್ಣ ಮುಖ ಊದಿಸಿಕೊಂಡು ಕುಳಿತಿದ್ದ. ಎಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ನಾನು ಆಂಪ್ಲಿಫೈಯರ್ ಕೊಳ್ಳಲು ಮಡಕಶಿರಕ್ಕೆ ಹೊರಟಿದ್ದೆ. ಅದೂ ವಾಲ್ವ್ ಇಲ್ಲದ್ದು. ಬಸಣ್ಣನ ಮುನಿಸಿಗೆ ಅದೇ ಕಾರಣ.

ನನ್ನ ಹಳೆಯ ವಾಲ್ವ್ ಸೆಟ್ಟನ್ನು ಮೂವತ್ತು ವರ್ಷದಿಂದ ರಿಪೇರಿ ಮಾಡುತ್ತ ಬಂದವನು ಅವನೇ. ಹಾಕಿದೊಡನೆ ಅದರ ಗಾಜಿನ ಬುರುಡೆಗಳು ದೇವರ ಗೂಡಿನ ದೀಪದ ಹಾಗೆ ನಿಧಾನವಾಗಿ ಕೆಂಪಾಗುತ್ತಿದ್ದವು. ಸ್ಕೂಲಿನಿಂದ ರಿಟೈರ್ ಆದ ಮೇಲೆ ನಾನು ಆಸೆಪಟ್ಟು ಎರಡು ದೊಡ್ಡ ಸ್ಪೀಕರ್ ತಂದುಕೊಂಡೆ. ಅಂದಿನಿಂದ ತೊಂದರೆ ಶುರುವಾಯಿತು. ಬಸಣ್ಣನೇ ಹೇಳಿದ್ದ, "ಟೀಚರವ್ರ, ಗಾಡಿ ಲಾರೀದು, ಎಂಜಿನ್ ಮೊಪೆಡ್ಡಿಂದು. ಎಳಿಯಂಗಿಲ್ರಿ ಇದು." ಆದರೆ ಪರಿಹಾರವೆಂದು ನಾನು ಟ್ರಾನ್ಸಿಸ್ಟರಿನ ದೊಡ್ಡ ಆಂಪ್ಲಿಫೈಯರ್, ಅಂದರೆ ಸಾಲಿಡ್ ಸ್ಟೇಟ್ ಅನ್ನುತ್ತಾರಲ್ಲ, ಅದನ್ನು ತರುತ್ತೇನೆ ಎಂದಾಗ ಮನೆಯಿಂದ ಯಾರನ್ನೋ ಓಡಿಸುತ್ತಿದ್ದೇನೆ ಅನ್ನುವಂತೆ ನೋಡಿದ.

ಸಿಡಿಯ ವಿಷಯವನ್ನೂ ಹೇಳಿಬಿಡುತ್ತೇನೆ. ನಾನು ಓದಿದ್ದು ಬಳ್ಳಾರಿಯ ಒಂದು ಕಾನ್ವೆಂಟಿನಲ್ಲಿ, ಬೋರ್ಡರ್ ಆಗಿ. ಹದಿಮೂರನೇ ವಯಸ್ಸಿನಲ್ಲಿ ನಮ್ಮ ಕ್ವಾಯರನ್ನು ಸಿಸ್ಟರ್ ಬಿಯಾಟ್ರಿಸ್ ಸ್ಪೂಲ್ ಟೇಪಿನಲ್ಲಿ ರೆಕಾರ್ಡ್ ಮಾಡಿಸಿದರು. ಪ್ರೈಜ್ ಡೇ ಹಾಡು. ಇಪ್ಪತ್ತು ಹುಡುಗಿಯರು ಮೇಲಿನ ದನಿ, ನಾವು ಆರು ಜನ ಕೆಳಗಿನ ಎರಡನೇ ದನಿ. ಆ ಟೇಪು ಕ್ಯಾಸೆಟ್ಟಾಗಿ, ಕೊನೆಗೆ ಬಸಣ್ಣನ ಅಂಗಡಿಯಲ್ಲಿ ಸಿಡಿಯಾಯಿತು. ಎರಡನೇ ದನಿಯಲ್ಲಿ ನನ್ನ ಪಕ್ಕ ನಿಂತಿದ್ದ ಗೆಳತಿ ಫಿಲೋಮಿನಾ ಅಂದಿನಿಂದ ಇಂದಿನವರೆಗೂ ಒಂದೇ ಮಾತು ಹೇಳುತ್ತಾಳೆ: "ಕಮಲೂ, ಯು ನೆವರ್ ಸ್ಯಾಂಗ್. ಸಿಸ್ಟರ್ ನಿನಗೆ ಬರೀ ಬಾಯಿ ಆಡಿಸು ಅಂದಿದ್ರು. ನೀನು ಫಿಶ್ ಥರ ನಿಂತಿದ್ದೆ." ನಾನು ಹಾಡಿದ್ದೆ ಎಂದೇ ನನ್ನ ನೆನಪು. ಆದರೆ ಬಾಯಿ ಆಡಿಸಲು ಹೇಳಿಸಿಕೊಂಡ ಹುಡುಗಿಯರೂ ಇದ್ದರೆಂಬುದು ನಿಜ. ನನ್ನ ಸೆಟ್ಟಿನಲ್ಲಿ ಎರಡನೇ ದನಿ ಎಂದೂ ಕೇಳಲೇ ಇಲ್ಲ. ಗೋಡೆಯಾಚೆ ಯಾರೋ ಗೊಣಗಿದ ಹಾಗೆ ಇರುತ್ತಿತ್ತು, ಅಷ್ಟೆ. ನನ್ನ ಚಿಕ್ಕಂದಿನ ದನಿ ಈ ಪ್ರಪಂಚದಲ್ಲಿ ಬೇರೆಲ್ಲೂ ಉಳಿದಿಲ್ಲ. ಇದ್ದರೆ ಅದರಲ್ಲೇ ಇರಬೇಕು.

ಕಲ್ಯಾಣದುರ್ಗದವರೆಗೆ ನನ್ನ ಆಧಾರ್ ಕಾರ್ಡು ನೋಡಿ ಕಂಡಕ್ಟರ್ ಹೆಂಗಸರ ಝೀರೋ ಟಿಕೆಟ್ ಕೊಟ್ಟ. ಬಸಣ್ಣ ಮಾತ್ರ ದುಡ್ಡು ಕೊಟ್ಟ, ಮುಖ ಇನ್ನಷ್ಟು ಊದಿತು. ಫೆಬ್ರುವರಿಯ ಚಳಿ, ಕಿಟಕಿಯ ಗಾಜು ಮುಚ್ಚುತ್ತಿರಲಿಲ್ಲ. ಕಲ್ಯಾಣದುರ್ಗದಲ್ಲಿ ಇಳಿದು ಮಂಡಕ್ಕಿಯ ಒಗ್ಗಾಣಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಎರಡನೇ ಪ್ಲೇಟು ಮುಗಿಯುವಷ್ಟರಲ್ಲಿ ಬಸಣ್ಣನ ಮಾತು ಮರಳಿ ಬಂತು.

"ಬೆಂಗಳೂರಾಗ ಎರಡು ನೋಡಿ ಬಂದ್ರೆಲ್ರಿ, ಅವು ಯಾಕ ಬ್ಯಾಡಾದ್ವು?"

ನಿಜ, ಜನವರಿಯಲ್ಲಿ ಬೆಂಗಳೂರಿಗೆ ಹೋಗಿದ್ದೆ. ಏಸಿ ಶೋರೂಮು, ಮೆತ್ತನೆಯ ಸೋಫಾ. ಒಂದು ಟಿಫನ್ ಬಾಕ್ಸಿನಷ್ಟೇ ಇತ್ತು, ತಣ್ಣಗೆ, ಜಾಣ ಮಗುವಿನ ಹಾಗೆ ಎಲ್ಲವನ್ನೂ ಸರಿಯಾಗಿ ಒಪ್ಪಿಸುತ್ತಿತ್ತು. ಇನ್ನೊಂದಕ್ಕೆ ನೀಲಿ ಲೈಟು. ಸೇಲ್ಸ್‌ಮನ್ "ಮ್ಯಾಮ್, ಸೌಂಡ್ ಸ್ಟೇಜ್ ನೋಡಿ" ಎಂದು ತನ್ನ ಡ್ರಮ್ಮಿನ ಹಾಡುಗಳನ್ನೇ ಹಾಕುತ್ತಿದ್ದ. ನನ್ನ ಸಿಡಿ ಹಾಕಿಸಿದಾಗ ಒಂದು ನಿಮಿಷಕ್ಕೆ, "ಇಟ್ಸ್ ಎ ಬ್ಯಾಡ್ ರೆಕಾರ್ಡಿಂಗ್, ಮ್ಯಾಮ್" ಎಂದು ತೆಗೆದುಬಿಟ್ಟ. ಜೊತೆಗೆ ಕಿವಿಯ ಡಾಕ್ಟರು ಬೇರೆ, ಕಿವಿ ಮಂದವಾಗುತ್ತಿದೆಯೆಂದು ಒಂದು ಚಾರ್ಟು ಕೊಟ್ಟಿದ್ದರು. ಅದರ ಗೆರೆ ಬಲಕ್ಕೆ ಹೋಗುತ್ತ ಜಾರುಬಂಡೆಯ ಹಾಗೆ ಇಳಿದಿತ್ತು. ಹಾಗಾಗಿ ಒಂದು ತೀರ್ಮಾನ ಮಾಡಿಕೊಂಡಿದ್ದೆ. ಈ ಮೂರನೆಯದರಲ್ಲೂ ನನ್ನ ದನಿ ಸಿಗದಿದ್ದರೆ ಹುಡುಕುವುದನ್ನು ಬಿಟ್ಟು, ಫಿಲೋಮಿನಾಗೆ ಫೋನ್ ಮಾಡಿ "ನೀನೇ ರೈಟ್" ಎಂದು ಹೇಳಿಬಿಡುವುದು.

ಪಾವಗಡದ ಬಸ್ಸಿನಲ್ಲಿ ನನ್ನ ಆಂಧ್ರದ ಆಧಾರ್ ನಡೆಯಲಿಲ್ಲ. ಕರ್ನಾಟಕದ ಗಡಿ ದಾಟಿತು, ಟಿಕೆಟ್ ತೆಗೆದುಕೊಂಡೆ. ದಾರಿಯಲ್ಲಿ ಸೋಲಾರ್ ಫಲಕಗಳು ಕಪ್ಪು ಕೆರೆಯ ಹಾಗೆ ಹರಡಿಕೊಂಡಿದ್ದವು. "ಇಷ್ಟು ಕರೆಂಟ್ ಇಟ್ಕೊಂಡು ನಮಗ ವೋಲ್ಟೇಜ್ ಕೊಡಾಂಗಿಲ್ಲ ನೋಡ್ರಿ" ಎಂದು ಬಸಣ್ಣ ಅವುಗಳನ್ನೇ ಬೈದ. ಪಾವಗಡದಿಂದ ಇನ್ನೊಂದು ಬಸ್ಸು. ಹನ್ನೊಂದರ ಹೊತ್ತಿಗೆ ಮಡಕಶಿರದ ಬೆಟ್ಟ, ಅದರ ಮೇಲಿನ ಕೋಟೆಯ ಗೋಡೆ ಕಂಡವು. ಈಗ ಜಿಲ್ಲೆ ಬೇರೆಯಾಗಿದೆಯಂತೆ. ನನ್ನ ಬಾಯಿಗೆ ಇನ್ನೂ ಅನಂತಪುರವೇ. ಅಲ್ಲಿಂದ ಆಟೋ ಹಿಡಿದು ಗುಡಿಬಂಡೆ ರಸ್ತೆಯಲ್ಲಿ ಅರ್ಧ ಗಂಟೆ. ಆಟೋದವನು ತೆಲುಗಿನಲ್ಲಿ ಬಾಡಿಗೆ ಹೇಳಿದ, ನಾನು ಕನ್ನಡದಲ್ಲಿ ಚೌಕಾಸಿ ಮಾಡಿದೆ, ನಡುವೆ ಎಲ್ಲೋ ಇನ್ನೂರಕ್ಕೆ ಒಪ್ಪಂದವಾಯಿತು.

ತಾವು ಬಳಸಿದ ಆಂಪ್ಲಿಫೈಯರನ್ನು ಮಾರಲು ಹೊರಟಿದ್ದವರು ನಂಜುಂಡಪ್ಪ. ಹಿಂದೆ ಮದುವೆ ಮುಂಜಿಗೆ ಮೈಕ್ ಸೆಟ್ ಕೊಡುತ್ತಿದ್ದರು, ಈಗ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಣೆ. ಮನೆಯ ಒಂದು ಪಕ್ಕ ಹುಳುಮನೆ, ನಡುವೆ ಹಜಾರ. ನಾವು ಒಳಗೆ ಕಾಲಿಡುವ ಮೊದಲೇ ಅವರ ಹೆಂಡತಿ ಗೌರಮ್ಮ ಅಡ್ಡ ನಿಂತರು.

"ಅಮ್ಮ, ನಿಂತ್ಕಳಿ. ಪೌಡ್ರು ಹಾಕಿದೀರ?"

ಹೌದು. ಲ್ಯಾವೆಂಡರ್. ಸಿಸ್ಟರುಗಳಿಂದ ಕಲಿತ ಚಾಳಿ.

"ಹುಳ ನಾಕನೇ ಸಲ ಪೊರೆ ಕಳಚಿ, ಜ್ವರ ಎದ್ದು ಮೇಯ್ತಾ ಅವೆ. ವಾಸ್ನೆ ಆಗಕಿಲ್ಲ. ತೊಳ್ಕಂಡು ಬಂದ್ಬಿಡಿ, ಬೇಜಾರು ಮಾಡ್ಕಬ್ಯಾಡಿ."

ಹೊಸ ಜಾಗದಲ್ಲಿ, ಅಪರಿಚಿತರ ಬಚ್ಚಲಲ್ಲಿ ಕುತ್ತಿಗೆ, ಕೈ, ಕಾಲು ತೊಳೆದುಕೊಂಡೆ. ಬಸಣ್ಣನಿಗೆ ತಲೆಗೆಣ್ಣೆ ಜಾಸ್ತಿಯಾಗಿದೆಯೆಂದು ಅವನ ತಲೆಗೆ ಟವೆಲು ಕಟ್ಟಿಸಿದರು. ಬೆಂಗಳೂರಿನ ಶೋರೂಮಿನಲ್ಲಿ ಯಾರೂ ನಮ್ಮನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ.

ಹಜಾರದ ಮಧ್ಯೆ ಮಣೆಯ ಮೇಲೆ ಅದು ಕುಳಿತಿತ್ತು. ಕಪ್ಪು, ಎರಡೂ ಪಕ್ಕದಲ್ಲಿ ಬಾಚಣಿಗೆಯಂಥ ದಪ್ಪ ಅಲ್ಯೂಮಿನಿಯಂ ರೆಕ್ಕೆಗಳು. ಲೈಟಿಲ್ಲ, ಡಯಲಿಲ್ಲ, ಒಂದೇ ಗುಂಡಿ. ಮೂವತ್ತೆರಡು ಕಿಲೋ. ಮುಟ್ಟಿದೆ, ಚೆನ್ನಾಗಿ ಕಾದಿತ್ತು.

"ಇದು ಕ್ಲಾಸ್ ಎ ಅಮ್ಮ" ಎಂದರು ನಂಜುಂಡಪ್ಪ. "ಹಾಡಿರ್ಲಿ ಬಿಡ್ಲಿ, ಕರೆಂಟು ಪೂರ್ತಿ ಕುಡೀತಾ ಬಿಸಿಯಾಗೇ ಕುಂತಿರ್ತದೆ. ಬ್ಯಾರೆಯವು ಹಾಡು ಬಂದಾಗ ಎದ್ದು ಓಡ್ತವೆ. ಇದು ಎದ್ದೇ ಇರ್ತದೆ."

"ಚಳಿಗಾಲದಾಗೆ ಮರಿಹುಳದ ರೂಮಿಗೆ ಇಕ್ತಾರೆ ಇದ್ನ" ಎಂದರು ಗೌರಮ್ಮ. "ಹಾಡೂ ಆಯ್ತದೆ, ಕಾವೂ ಆಯ್ತದೆ."

"ಮತ್ತೆ ಮಾರುವುದು ಯಾಕೆ?" ಎಂದು ಕೇಳಿದೆ.

ನಂಜುಂಡಪ್ಪ ಹೆಂಡತಿಯ ಮುಖ ನೋಡಿದರು. ಗೌರಮ್ಮನೇ ಉತ್ತರಿಸಿದರು: "ಇದಕ್ಕಿಂತ ದೊಡ್ಡದು, ಜೋಡಿ, ಎಲ್ಲೋ ನೋಡ್ಕಂಡು ಬಂದವ್ರೆ. ಇದು ಹೊಸಿಲು ದಾಟ್ದೆ ಅದು ಒಳಕ್ಕೆ ಬರಂಗಿಲ್ಲ ಅಂತ ನಾನು ರೂಲು ಮಾಡಿದೀನಿ."

ನಾನು ಸಿಡಿ ತೆಗೆದೆ. ನಂಜುಂಡಪ್ಪ ಕೈಯಾಡಿಸಿ ಬೇಡವೆಂದರು. ಸುತ್ತಲಿನ ತೋಟಗಳಲ್ಲಿ ಬೋರ್‌ವೆಲ್ ಮೋಟರುಗಳು ಓಡುತ್ತಿದ್ದವು. ಅವೆಲ್ಲ ಒಂದೇ ಟ್ರಾನ್ಸ್‌ಫಾರ್ಮರಿನಿಂದ ಎಳೆಯುವಾಗ ಮನೆಯ ಕರೆಂಟು ಕಲಕಿದ ನೀರಿನ ಹಾಗಿರುತ್ತದಂತೆ. ಹನ್ನೆರಡೂವರೆಗೆ ತೋಟದ ತ್ರೀ ಫೇಸ್ ಹೋಗುತ್ತದೆ, ಮೋಟರು ನಿಲ್ಲುತ್ತವೆ, ಮನೆಯ ಲೈನು ಮಾತ್ರ ಉಳಿಯುತ್ತದೆ. "ಅಲ್ಲಿಗಂಟ ನಿಮ್ಮ ಸಿಡಿ ಬ್ಯಾಡ. ಮೊದಲ್ನೇ ಸಲ ಕೆಟ್ಟದಾಗಿ ಕೇಳ್ಬಾರ್ದು. ಈಗ ನಂದೊಂದು ಹಾಕ್ತೀನಿ."

ಅವರು ಹಾಕಿದ್ದರಲ್ಲಿ ಹಾಡೇ ಇರಲಿಲ್ಲ. ಸ್ಪೀಕರಿನಿಂದ ಸಣ್ಣಗೆ, ಒಂದೇ ಸಮನೆ, ಸುರ್ ಎನ್ನುವ ಸದ್ದು. ನೂರಿಪ್ಪತ್ತು ಕಿಲೋಮೀಟರ್‌ಗೂ ಹೆಚ್ಚು ದೂರ ಬಂದಿದ್ದು ಇದಕ್ಕಾ?

"ಹಿಸ್ ಇದೆಯಲ್ಲ" ಎಂದೆ ಮೆಲ್ಲಗೆ.

ಬಸಣ್ಣನ ಮುಖ ಅರಳಿತು. "ನಾ ಏನ್ ಹೇಳಿದ್ನಿರಿ? ಟ್ರಾನ್ಸಿಸ್ಟರ್ ಅಂದ್ರ ಇದ. ನಮ್ಮ ವಾಲ್ವ್ ಇಂಥಾ ಸದ್ದು ಮಾಡ್ತಿತ್ತೇನ್ರಿ?"

ನಂಜುಂಡಪ್ಪ ಸ್ಟಾಪ್ ಒತ್ತಿದರು. ಆಂಪ್ಲಿಫೈಯರ್ ಹಾಗೇ ಆನ್ ಇತ್ತು. ಸದ್ದು ಪೂರ್ತಿ ನಿಂತಿತು. ಬಸಣ್ಣ ಸ್ಪೀಕರಿಗೆ ಕಿವಿ ಹಚ್ಚಿದ, ಏನೂ ಇಲ್ಲ. ನಂಜುಂಡಪ್ಪ ನಮ್ಮನ್ನು ಹುಳುಮನೆಯ ಬಾಗಿಲಿಗೆ ಕರೆದುಕೊಂಡು ಹೋಗಿ ಪರದೆ ಸರಿಸಿದರು. ಅಂಕಣ ಅಂಕಣವಾಗಿ ಹಾಸಿದ ಸೊಪ್ಪು, ಅದರ ಮೇಲೆ ಬೆರಳುದ್ದದ ಬಿಳಿ ಹುಳುಗಳು, ಸಾವಿರಾರು. ಎಲ್ಲವೂ ಎಲೆ ಕಡಿಯುತ್ತಿದ್ದವು. ಹೆಂಚಿನ ಮೇಲೆ ಸೋನೆ ಬಿದ್ದ ಹಾಗೆ ಸುರ್ ಎನ್ನುವ ಅದೇ ಸದ್ದು.

"ಯಾರೇ ಬರ್ಲಿ, ನಾನು ಮೊದಲು ಇದ್ರ ರೆಕಾರ್ಡಿಂಗೇ ಹಾಕಾದು" ಎಂದರು. "ಇಷ್ಟು ಸಣ್ಣ ಸದ್ದು ಹೇಳಾಕೆ ಬಂದ್ರೆ, ಮಿಕ್ಕಿದ್ದೆಲ್ಲ ಹೇಳ್ತದೆ."

ಬಸಣ್ಣ ಟವೆಲು ಕಟ್ಟಿದ ತಲೆಯನ್ನು ಒಮ್ಮೆ ಹುಳುಮನೆಗೆ, ಒಮ್ಮೆ ಹಜಾರಕ್ಕೆ ತಿರುಗಿಸುತ್ತ ನಿಂತ. ನನಗೆ ಬೇರೊಂದು ಹೊಳೆಯಿತು. ಇಷ್ಟು ಸಣ್ಣ ಸದ್ದು ನನಗೆ ಕೇಳಿಸಿತ್ತು. ಆ ಜಾರುಬಂಡೆಯ ಚಾರ್ಟಿನವಳಿಗೆ.

ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು, ಕಡಲೆಕಾಯಿ ಚಟ್ನಿ. ನುಂಗುತ್ತಿರುವಾಗಲೇ ಹೊರಗೆ ಒಂದೊಂದಾಗಿ ಮೋಟರುಗಳ ಸದ್ದು ನಿಂತಿತು. ಅಷ್ಟು ಹೊತ್ತು ಆ ಸದ್ದಿತ್ತೆಂದು ಗೊತ್ತಾದದ್ದೂ ಆಗಲೇ. ನಂಜುಂಡಪ್ಪ ಕೈ ತೊಳೆದು ಬಂದು ನನ್ನ ಸಿಡಿ ಹಾಕಿದರು.

ಮೊದಲು ಯಾರೋ ಕುರ್ಚಿ ಎಳೆದರು. ಇದು ನನ್ನ ಸೆಟ್ಟಿನಲ್ಲಿ ಎಂದೂ ಕೇಳಿರಲಿಲ್ಲ. ಆಮೇಲೆ ಪಿಯಾನೊ, ಅದರ ಒಂದು ಮನೆ ಸಡಿಲವಾಗಿದ್ದದ್ದು ಕೂಡ. ಮೇಲಿನ ದನಿ ಬಂತು, ಇಪ್ಪತ್ತು ಹುಡುಗಿಯರು. ಕೆಳಗೆ, ಇನ್ನೂ ಮಬ್ಬಾಗಿ, ಆದರೆ ಗೋಡೆಯ ಈಚೆಗೆ ಬಂದು, ಎರಡನೇ ದನಿ. ನಾನು ಸೀರೆಯ ಸೆರಗು ಹಿಡಿದು ಕುಳಿತೆ. ಆರು ದನಿ ಒಂದರೊಳಗೊಂದು ಬೆರೆತಿದ್ದವು. ಯಾವುದು ಯಾರದು? ಹದಿಮೂರರ ನನ್ನ ದನಿಯ ಗುರುತು ನನಗೇ ಮರೆತುಹೋಗಿತ್ತು. ಮೊದಲ ನುಡಿ ಮುಗಿಯಿತು. ಸಿಗುವುದಿಲ್ಲ ಎಂದುಕೊಂಡೆ. ಎರಡನೇ ನುಡಿಯ ಮುಂಚೆ ಎಲ್ಲರೂ ಉಸಿರು ಎಳೆದುಕೊಂಡದ್ದು ಕೇಳಿತು. ಆ ನಿಶ್ಶಬ್ದದಲ್ಲಿ ಒಂದು ದನಿ, ಉಳಿದವರಿಗಿಂತ ಚೂರು ಮೊದಲು, ಧೈರ್ಯವಾಗಿ ಎದ್ದಿತು. ಆಮೇಲೆ ಉಳಿದ ಐದು ಬಂದು ಸೇರಿಕೊಂಡವು.

ಬಾಗಿಲಲ್ಲಿ ಸೊಪ್ಪಿನ ಬುಟ್ಟಿ ಹಿಡಿದು ನಿಂತಿದ್ದ ಗೌರಮ್ಮ ನಕ್ಕರು. "ಅದ್ಯಾರೋ ಒಂದು ಮಗ ಮುಂಚೆನೇ ನುಗ್‌ಬಿಡ್ತಲ್ಲ."

"ಅದು ನಾನು" ಎಂದೆ.

ನಿಜಕ್ಕೂ ನಾನೇ. ಸಿಸ್ಟರ್ ಬಿಯಾಟ್ರಿಸ್ ಪ್ರತಿ ಪ್ರ್ಯಾಕ್ಟೀಸಿನಲ್ಲೂ ಪೆನ್ಸಿಲಿನಿಂದ ನನ್ನ ಭುಜಕ್ಕೆ ತಟ್ಟಿ, "ಕೌಂಟ್ ಟು ಟೂ, ಕಮಲಾ, ದೆನ್ ಕಮ್ ಇನ್" ಎನ್ನುತ್ತಿದ್ದರು. ನಾನು ಎಂದೂ ಎರಡರವರೆಗೆ ಎಣಿಸಲಿಲ್ಲ. ಅರವತ್ತು ವರ್ಷ ಮರೆತಿದ್ದ ಪೆನ್ಸಿಲು ಈಗ ಭುಜದ ಮೇಲೆ ಬಿದ್ದ ಹಾಗಾಯಿತು. ಕಣ್ಣು ಒರೆಸಿಕೊಂಡೆ. ನಂಜುಂಡಪ್ಪ ಕೇಳದೆಯೇ ಅದೇ ಜಾಗವನ್ನು ಮೂರು ಸಲ ಹಾಕಿದರು.

ವ್ಯಾಪಾರ ಹತ್ತು ನಿಮಿಷದಲ್ಲಿ ಮುಗಿಯಿತು. ಹೊಸದರ ಬೆಲೆಯ ಮೂರರಲ್ಲಿ ಒಂದು ಪಾಲಿಗೆ ಕೊಟ್ಟರು. ಅಷ್ಟು ಹೊತ್ತಿಗೆ ಬಸಣ್ಣ ಮೇಲಿನ ಮುಚ್ಚಳ ಬಿಚ್ಚಿ ಒಳಗೆ ಇಣುಕುತ್ತಿದ್ದ. "ಟೀಚರವ್ರ, ಇಲ್ಲಿ ಬರ್ರಿ. ಬೆಸಿಗಿ ನೋಡ್ರಿ, ಬೆಳ್ಳಿ ಗೆಜ್ಜಿ ಪೋಣಿಸಿದಂಗ ಮಾಡ್ಯಾರ." ಮುಚ್ಚಳ ಮತ್ತೆ ಮುಚ್ಚುತ್ತ, "ಹಳೇದನ್ನ ಯಾರಿಗೂ ಕೊಡಬ್ಯಾಡ್ರಿ. ಅದನ್ನ ನಾ ಒಯ್ತೀನಿ" ಎಂದ.

ಬಸ್ಸಿನಲ್ಲಿ ಒಯ್ಯುವ ಮಾತಿರಲಿಲ್ಲ. ಮಡಕಶಿರದಿಂದ ಬಾಡಿಗೆ ಕಾರು ತರಿಸಿದೆವು. ಗೌರಮ್ಮ ಅದನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿಕೊಟ್ಟರು. ಬಸಣ್ಣ ಹಿಂದೆ ನನ್ನ ಪಕ್ಕ ಕೂತ, ಆಂಪ್ಲಿಫೈಯರ್ ಮುಂದಿನ ಸೀಟಿನಲ್ಲಿ. ಕಾರು ಹೊರಟದ್ದೇ ಕೀಂ ಕೀಂ ಎಂದು ಬಡಿದುಕೊಳ್ಳತೊಡಗಿತು. ಮುಂದೆ ಕೂತವರು ಬೆಲ್ಟ್ ಹಾಕಿಲ್ಲವೆಂದು. ಬಸಣ್ಣ ಎದ್ದು ಬಾಗಿ ಅದಕ್ಕೆ ಬೆಲ್ಟ್ ಹಾಕಿದ. "ಕೂತ್ಕೋ ಮಾರಾಯ, ಚೆಕ್‌ಪೋಸ್ಟಿನ್ಯಾಗ ಮಾನ ತೆಗೀಬ್ಯಾಡ." ಹೇಮಾವತಿ ಊರಿಗೆ ಇಷ್ಟು ಹತ್ತಿರ ಬಂದು ಅಲ್ಲಿನ ಗುಡಿಯ ಸಿದ್ದೇಶ್ವರನನ್ನು ನೋಡದೆ ಹೋಗುತ್ತಿದ್ದೇವೆಂದು ಪಾವಗಡದವರೆಗೂ ಗೊಣಗಿದ. ತಿರುಗಿ ನೋಡಿದಾಗ ಮಡಕಶಿರದ ಬೆಟ್ಟ ಬಿಸಿಲಿನಲ್ಲಿ ಸಣ್ಣದಾಗಿತ್ತು.

ನಮ್ಮ ಮನೆಯ ಪಕ್ಕದಲ್ಲಿ ಜೀನ್ಸ್ ಹೊಲಿಯುವ ಶೆಡ್ಡಿದೆ, ನಲವತ್ತು ಮಷೀನು. ಅವು ಓಡುವಾಗ ನನ್ನ ಕರೆಂಟೂ ಕಲಕಿದ ನೀರೇ. ಒಂದರಿಂದ ಎರಡರವರೆಗೆ ಅವರ ಊಟ. ಈಗ ಹಾಡು ಕೇಳುವ ಹೊತ್ತು ಅದೇ. ಶನಿವಾರ ಫಿಲೋಮಿನಾ ಬಳ್ಳಾರಿಯಿಂದ ಬಂದಳು, ಕೋಲು ಊರಿಕೊಂಡು, ಸೋಲುವ ಮನಸ್ಸಿಲ್ಲದೆ. ಒಂದು ಗಂಟೆಗೆ ಮಷೀನು ನಿಂತವು. ಹಾಕಿದೆ. ಎರಡನೇ ನುಡಿಯಲ್ಲಿ ನಾನು ಎಂದಿನಂತೆ ಮೊದಲೇ ಎದ್ದೆ.

ಫಿಲೋಮಿನಾ ಕೋಲಿನ ತುದಿಯಿಂದ ನನ್ನ ಭುಜಕ್ಕೆ ತಟ್ಟಿದಳು. "ಕೌಂಟ್ ಟು ಟೂ, ಕಮಲಾ." ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆಮೇಲೆ ಅವಳ ನಗು ನಿಂತಿತು. ಸ್ಪೀಕರಿನ ಕಡೆ ಬಾಗಿದಳು.

"ನಾನೆಲ್ಲಿ?" ಎಂದಳು. "ಕಮಲೂ, ನಾನು ಎಲ್ಲಿದೀನಿ ಇದ್ರಲ್ಲಿ?"

ಗಡಿಯಾರ ನೋಡಿದೆ. ಮಷೀನು ಶುರುವಾಗಲು ಇನ್ನೂ ಮುಕ್ಕಾಲು ಗಂಟೆ ಇತ್ತು. ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು ಮೊದಲಿನಿಂದ ಹಾಕಿದೆ.