ಲೂರ್ದತ್ತೆ ಎದ್ದು ಹೋದ ಭಾನುವಾರ

ರೋಮಿನಲ್ಲಿ ನಮ್ಮ ಜಗದ್ಗುರು ಪೋಪರು ತೀರಿಕೊಂಡರೆಂದು ರೇಡಿಯೊ ಹೇಳಿದ ವರ್ಷ ಅದು, ಎಪ್ಪತ್ತೆಂಟು. ಹಿರಿಯೂರಿನ ನಮ್ಮ ಹೆಂಚಿನ ಚರ್ಚಿಗೂ ಆಗ ಹಿರಿಯರಿರಲಿಲ್ಲ. ಫಾದರ್ ಭಾನುವಾರ ಚಿತ್ರದುರ್ಗದಿಂದ ಬಂದು ಪೂಜೆ ಮುಗಿಸಿ ಹೋಗುತ್ತಿದ್ದರು. ಉಳಿದ ದಿನ ಜಪ, ಮಕ್ಕಳ ಪಾಠ, ಸಾವುನೋವು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವರು ಉಪದೇಶಿ ಚಿನ್ನಪ್ಪಜ್ಜ. ಅಜ್ಜ ಕಣ್ಣು ಮಂಜಾಗಿ ಮಗಳ ಊರು ಸೇರಿದ ಮೇಲೆ, ಆ ಜಾಗಕ್ಕೆ ಯಾರು ಎಂಬ ಮಾತು ಎದ್ದಿತು.

ಒಬ್ಬರು ಇನ್ನಾಸಪ್ಪ ಮೇಷ್ಟ್ರು. ಇನ್ನೊಬ್ಬರು ಟೈಲರ್ ಅಂಗಡಿ ಇಟ್ಟಿದ್ದ ನಮ್ಮಪ್ಪ. ಇಬ್ಬರಿಗೂ ಆಸೆಯಿತ್ತು, ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಅವರ ಪರವಾಗಿ ಮಕ್ಕಳು ನಾವು ಜಗಳವಾಡಿದೆವು. ಕುಂಟೆಬಿಲ್ಲೆ ಆಡುವಾಗ ಮೇಷ್ಟ್ರ ಮಗಳು ಫಿಲೋಮಿನಾ, "ನಿಮ್ಮಪ್ಪಂಗೆ ಬೈಬಲ್ ನೆಟ್ಟಗೆ ಓದಾಕ್ ಬರ್ತೈತೇನೇ?" ಎಂದಳು. ನಾನು ಬಿಲ್ಲೆಯನ್ನು ಬೇಲಿಯಾಚೆ ಎಸೆದು ಮನೆಗೆ ಬಂದೆ. ದೊಡ್ಡವರೂ ಎರಡು ಪಾಲಾದರು.

ಆಯ್ಕೆಯ ದಿನ ಪೂಜೆ ಮುಗಿದಿತ್ತು, ಮೇಣದ ವಾಸನೆ ಇನ್ನೂ ಆಡುತ್ತಿತ್ತು. ಜಗಲಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಹಂಚುತ್ತಿದ್ದರು. ಮಾತು ಖಾರವಾಗುತ್ತಿದ್ದ ಹೊತ್ತಿಗೆ, ನಮ್ಮ ಮನೆಯಲ್ಲೇ ಇದ್ದ ಅಪ್ಪನ ಅಕ್ಕ ಲೂರ್ದತ್ತೆ ಎದ್ದು ನಿಂತಳು.

"ಶ್ರೀರಾಂಪುರದ ಸವೇರಪ್ಪನ ಮನೇರು ಯಾಕ್ ಬರ್ತಿಲ್ಲ? ಅವನ ಹೆಂಡ್ತಿ ತುಂಬಿದ ಬಸುರಿ ಇದ್ಲಲ್ಲ?"

ಯಾರಿಗೂ ಗೊತ್ತಿರಲಿಲ್ಲ.

"ಆಮೇಲ್ ನೋಡಾಣ, ಕುಂತ್ಕ ಅಕ್ಕ," ಎಂದರು ಅಪ್ಪ.

"ನೀವ್ ಮಾತಾಡ್ಕಳ್ರಪ್ಪ. ನಾನ್ ನೋಡ್ಕಂಡ್ ಬರ್ತೀನಿ," ಎಂದವಳೇ ನನ್ನ ಕೈ ಹಿಡಿದು ಹೊಸದುರ್ಗದ ಬಸ್ಸು ಹತ್ತಿದಳು.

ಶ್ರೀರಾಂಪುರ ಮುಟ್ಟಿ ನೋಡಿದರೆ, ಸವೇರಪ್ಪ ಗಾರೆ ಕೆಲಸಕ್ಕೆ ದೂರ ಹೋಗಿದ್ದ. ಹೆಂಡತಿ ಹಸುಗೂಸಿನ ಪಕ್ಕ ಜ್ವರದಲ್ಲಿ ಬೇಯುತ್ತಿದ್ದಳು. ನೆರೆಮನೆಯ ಕುರಿ ಸಾಕುವವರು ಗಂಜಿ ಕೊಡುತ್ತಿದ್ದರು, ಆದರೆ ಗಂಡ ಬರದೆ ಅವಳು ಆಸ್ಪತ್ರೆಗೆ ಹೋಗಲು ಒಪ್ಪಿರಲಿಲ್ಲ. "ನಾನ್ ನಿಮ್ಮವ್ವ ಅಂದ್ಕ. ಏಳು," ಎಂದಳು ಅತ್ತೆ. ಅವಳು ಎದ್ದಳು. ನೆರೆಯವರೇ ಗಾಡಿ ಕಟ್ಟಿದರು. ಕೂಸು ನನ್ನ ಮಡಿಲಲ್ಲಿತ್ತು, ಬಾಣಂತಿ ವಾಸನೆ, ಬೆಚ್ಚಗೆ. ಆಸ್ಪತ್ರೆಯಲ್ಲಿ ಡಾಕ್ಟರು, "ಇನ್ನೂ ತಡ ಮಾಡಿದ್ರೆ ತಾಯಿ ಜೀವ ಉಳೀತಿರಲಿಲ್ಲ" ಎಂದರು. ಸವೇರಪ್ಪ ಬರುವವರೆಗೂ ಅತ್ತೆ ಅಲ್ಲಿಂದ ಕದಲಲಿಲ್ಲ.

ಅತ್ತ ಜಗಳ ಬಗೆಹರಿಯದೆ ಆಯ್ಕೆ ನಿಂತುಹೋಗಿತ್ತು. ಮುಂದಿನ ಭಾನುವಾರ ಫಾದರ್ ಮತ್ತೆ ಕೇಳಿದಾಗ ಅಪ್ಪ ಎದ್ದರು.

"ಸ್ವಾಮಿ, ಅವತ್ತು ಈ ಸಭೆಯ ಕುರಿ ಕಾಯೋರ್ ಯಾರು ಅಂತ ನಾವೆಲ್ಲ ಕುಂತು ಮಾತಾಡ್ತಿದ್ವಿ. ತಪ್ಪಿದ್ ಕುರಿ ಹುಡುಕ್ಕಂಡ್ ಹೋದೋಳು ಒಬ್ಳೇ. ನಮ್ಮಕ್ಕನೇ ಆಗ್ಲಿ."

ಎಲ್ಲರೂ ಮೇಷ್ಟ್ರ ಕಡೆ ನೋಡಿದರು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಂದೂ ಅದೇ ಮಾತು. ಓದೋದಿದ್ರೆ ನಾನ್ ಓದ್ಕೊಡ್ತೀನಿ."

"ನಂಗೆ ಭಾಷಣ ಬರಲ್ಲ ಸ್ವಾಮಿ," ಎಂದಳು ಅತ್ತೆ.

"ಅದಕ್ಕೆ ನಾನಿದ್ದೀನಲ್ಲಮ್ಮ," ಎಂದು ಫಾದರ್ ನಕ್ಕರು.

ಅಪ್ಪನಿಗೆ ಸಿಗಲಿಲ್ಲ ಎಂದು ನನಗೆ ಒಂದಿಷ್ಟೂ ಬೇಸರವಾಗಲಿಲ್ಲ. ಅವರು ಅಷ್ಟು ಎತ್ತರ ಕಂಡದ್ದು ಅವತ್ತೇ. ಅತ್ತೆ ಕಾಲಲ್ಲಿ ಶಕ್ತಿ ಇರುವ ತನಕ ಮನೆಮನೆ ತಿರುಗಿದಳು. ಅವಳ ಕಾಲದಲ್ಲಿ ನಮ್ಮ ಸಭೆ ಮತ್ತೆ ಒಡೆಯಲಿಲ್ಲ.

ಈಗ ಅಲ್ಲಿ ದೊಡ್ಡ ಚರ್ಚಿದೆ, ಮೈಕಿದೆ, ಫಾದರ್ ಅಲ್ಲೇ ಇರುತ್ತಾರೆ. ಹೋದ ವರ್ಷ ಬೆನ್ನುನೋವೆಂದು ನಾನು ಎಷ್ಟೋ ಭಾನುವಾರ ಪೂಜೆಗೆ ಹೋಗಲಿಲ್ಲ. ಪೂಜೆಯ ಸಮಯ ತಿಳಿಸುವ ಮೆಸೇಜು ಮಾತ್ರ ವಾರ ವಾರ ತಪ್ಪದೆ ಬಂತು. ಬಾಗಿಲು ತಟ್ಟಿ, "ಯಾಕೇ ಬರ್ಲಿಲ್ಲ?" ಎಂದು ಕೇಳಲು ಯಾರೂ ಬರಲಿಲ್ಲ.